ಲಿಪ್ಟನ್ನರ ಐದು ನೌಕೆಗಳು

ಲಿಪ್ಟನ್ ಎಂಬ ಹೆಸರನ್ನು ನಮ್ಮ ಜನರು ಚಹದ ಪೊಟ್ಟಣದ ಮೇಲೆ ಓದಿ ಬಲ್ಲರಲ್ಲದೆ, ಆ ಹೆಸರಿನ ಮಹನೀಯರು 1899ರಿಂದ 1930ರವರೆಗೆ ಐದು ಬಾರಿ, ಒಂದೇ ಒಂದು ಬೆಳ್ಳಿಯ ಪಾತ್ರೆಯನ್ನು ಗೆಲ್ಲುವ ಹಂಬಲದಿಂದ, ಅಟ್ಲಾಂಟಿಕ್ ಸಾಗರದಾಚೆಗೆ ಹಾಯಿನೌಕೆಗಳನ್ನು ಕಳುಹಿದರೆಂಬುದನ್ನು ಅರಿತವರು ವಿರಳ. ಐರ್ಲೆಂಡಿನಿಂದ ಗ್ಲಾಸ್ಗೋ ನಗರಕ್ಕೆ ವಲಸೆ ಬಂದ ಬಡ ದಂಪತಿಗಳ ಮಗನಾಗಿ ಹುಟ್ಟಿ, 1871ರಲ್ಲಿ ಅಲ್ಲಿಯೇ ಒಂದು ದಿನಸಿಯ ಅಂಗಡಿಯನ್ನು ತೆರೆದು, 1890ರಲ್ಲಿ ಸಿಂಹಳದ ಚಹದ ತೋಟಗಳನ್ನು ಕೊಂಡು ಥಾಮಸ್ ಲಿಪ್ಟನ್ನರು ಅಪಾರ ಧನವನ್ನು ಗಳಿಸಿದರು. ಆ ತೋಟಗಳಲ್ಲಿ ಎಲೆ ಕೊಯ್ದವರು ದಕ್ಷಿಣ ಭಾರತದಿಂದ ಹೋದ ತಮಿಳು ಕೂಲಿಗಳೆಂಬುದನ್ನೂ, ಆ ನೌಕೆಗಳ ವೆಚ್ಚದಲ್ಲಿ ಅವರ ಬೆವರಿನ ಪಾಲೂ ಇತ್ತೆಂಬುದನ್ನೂ ನಾವು ಮರೆಯಲಾಗದು.

ಅಮೆರಿಕಾ ಕಪ್ ಎಂಬ ಆ ಪಾತ್ರೆಯನ್ನು 1851ರಲ್ಲಿ ಇಂಗ್ಲೆಂಡಿನ ವೈಟ್ ದ್ವೀಪದ ಸುತ್ತ ನಡೆದ ಪಂದ್ಯದಲ್ಲಿ ಅಮೆರಿಕಾದವರು ಗೆದ್ದುಕೊಂಡು ಹೋಗಿದ್ದರು. ಅದನ್ನು ಮರಳಿ ಪಡೆಯಬಯಸುವ ನೌಕೆಯು ತನ್ನ ಒಡಲಿನಿಂದಲೇ ತೇಲಿ ಸಾಗರವನ್ನು ದಾಟಿ ಪಂದ್ಯದ ಬಂದರನ್ನು ಸೇರತಕ್ಕದ್ದೆಂಬುದು ಆಗಿನ ಶಾಸನ. ಇನ್ನೊಂದು ಹಡಗಿನ ಮೇಲೆ ಹೇರಿ ತರುವಂತಿರಲಿಲ್ಲ. ಲಿಪ್ಟನ್ನರ ಸೋಲುಗಳನ್ನು ಎಣಿಸುವವರು ಈ ಕಟ್ಟಳೆಯನ್ನು ಮೊದಲು ಗಮನಿಸಬೇಕೆಂದು ನನಗೆ ತೋರುತ್ತದೆ. ಸಾಗರದ ತೆರೆಗಳನ್ನು ತಾಳಬೇಕಾದ ನೌಕೆಗೆ ಗಟ್ಟಿಯಾದ ಮೈ ಬೇಕು. ಮನೆಯ ಮುಂದಣ ನೀರಿನಲ್ಲಿ ಕೆಲವು ಗಂಟೆ ಓಡಿದರೆ ಸಾಕಾದ ನೌಕೆಗೆ ಆ ಭಾರವೇಕೆ? 1903ರಲ್ಲಿ ಅಮೆರಿಕಾದವರಿಗಾಗಿ ಹೆರೆಷಾಫ್ ಎಂಬ ಶಿಲ್ಪಿಯು ನಿರ್ಮಿಸಿದ ‘ರಿಲಯನ್ಸ್’ 16,000 ಚದರ ಅಡಿಗೂ ಮಿಗಿಲಾದ ಹಾಯಿಯನ್ನು ಹೊತ್ತ ಪಂದ್ಯಯಂತ್ರವೇ ಆಗಿತ್ತು.

ಐದು ನೌಕೆಗಳಿಗೂ ಲಿಪ್ಟನ್ನರು ಇಟ್ಟ ಹೆಸರು ಒಂದೇ: ‘ಷ್ಯಾಮ್‌ರಾಕ್’, ತಾಯಿತಂದೆಗಳ ನಾಡಾದ ಐರ್ಲೆಂಡಿನ ಮೂರೆಲೆಯ ಸೊಪ್ಪು. 1901ರ ಕೊನೆಯ ಓಟದಲ್ಲಿ ಎರಡನೆಯ ಷ್ಯಾಮ್‌ರಾಕ್ ಎದುರಾಳಿಗಿಂತ ಎರಡು ಸೆಕೆಂಡು ಮುಂಚೆಯೇ ಗುರಿಯನ್ನು ಮುಟ್ಟಿಯೂ, ದೊಡ್ಡ ನೌಕೆಯು ಸಣ್ಣದಕ್ಕೆ ಬಿಟ್ಟುಕೊಡಬೇಕಾದ ಕಾಲದ ಲೆಕ್ಕದಲ್ಲಿ ಸೋತಿತು. ನಾಲ್ಕನೆಯದು ಸಾಗರಮಧ್ಯದಲ್ಲಿದ್ದಾಗಲೇ 1914ರ ಮಹಾಯುದ್ಧವು ಸಿಡಿದು, ಅದು ಆರು ವರ್ಷ ನ್ಯೂಯಾರ್ಕಿನಲ್ಲಿ ಕಾದಿರಬೇಕಾಯಿತು. 1920ರಲ್ಲಿ ಮೊದಲ ಓಟದ ನಡುವೆ ಎದುರಾಳಿ ‘ರೆಸಲ್ಯೂಟ್’ ನೌಕೆಯ ಹಾಯಿಹಗ್ಗ ಕಡಿದುದರಿಂದ ಗೆಲವು ಒಲಿಯಿತು. ಎರಡನೆಯ ಓಟದ ಗೆಲವು ಸ್ವಂತ ಬಲದಿಂದಲೇ ಬಂದಿತು. ಇನ್ನೊಂದು ಓಟ ಗೆದ್ದಿದ್ದರೆ ಪಾತ್ರೆ ಅವರದೇ! ಮೂರನೆಯ ಓಟದಲ್ಲಿ ಎರಡೂ ನೌಕೆಗಳಿಗೆ ಹಿಡಿದ ಕಾಲ ಸರಿಸಮನಾಗಿದ್ದರೂ, ಅದೇ ಲೆಕ್ಕದ ಏಳು ನಿಮಿಷ ಒಂದು ಸೆಕೆಂಡು ‘ರೆಸಲ್ಯೂಟ್’ ಪಾಲಿಗೆ ಸೇರಿ, ಉಳಿದೆರಡು ಓಟಗಳೂ ಕೈತಪ್ಪಿದುವು. ಈ ಮೂರನೆಯ ಓಟವನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಮರುಗುತ್ತದೆ.

1930ರಲ್ಲಿ ಕಾಲದ ಲೆಕ್ಕ ತೊಲಗಿ, ಎರಡು ಕಡೆಯ ನೌಕೆಗಳೂ ಒಂದೇ ವರ್ಗದವಾಗಿದ್ದುವು. ಆದರೆ ಎದುರಾಳಿಯಾದ ವಾಂಡರ್‌ಬಿಲ್ಟರ ‘ಎಂಟರ್‌ಪ್ರೈಸ್’ ನೌಕೆಗೆ ಹಗುರವಾದ ಲೋಹದ ಕೂವೆಗಂಬವಿದ್ದಿತು. ನಾಲ್ಕು ಓಟಗಳಲ್ಲಿ ನಾಲ್ಕೂ ಅದರವಾದುವು. ಆಗ ವಿನೋದಕಾರ ವಿಲ್ ರೋಜರ್ಸರು, ಒಬ್ಬೊಬ್ಬರು ಒಂದೊಂದು ಡಾಲರ್ ಕೊಟ್ಟು ಈ ವೃದ್ಧರಿಗೆ ಬೇರೊಂದು ಪಾತ್ರೆಯನ್ನು ಮಾಡಿಸೋಣವೆಂದು ಕರೆಯಿತ್ತರು. ಗೆದ್ದ ನಾಡಿನ ಜನರೇ ಹಣ ಕೂಡಿಸಿ ಚಿನ್ನದ ಪಾತ್ರೆಯನ್ನು ಮಾಡಿಸಿ ಅವರ ಕೈಗಿತ್ತರು.

ಇಂಗ್ಲೆಂಡಿನ ರಾಯಲ್ ಯಾಟ್ ಸ್ಕ್ವಾಡ್ರನ್ ಎಂಬ ನೌಕಾಸಂಘವು ಈ ಅಂಗಡಿಕಾರರಿಗೆ ಅಷ್ಟು ಕಾಲವೂ ಬಾಗಿಲು ತೆರೆದಿರಲಿಲ್ಲವಾಗಿ, ಅವರು ಐದು ಬಾರಿಯೂ ರಾಯಲ್ ಅಲ್ಸ್ಟರ್ ಯಾಟ್ ಕ್ಲಬ್ಬಿನ ಮೂಲಕವೇ ಸವಾಲೊಡ್ಡಿದ್ದರು. 1931ರಲ್ಲಿ ಆ ಬಾಗಿಲು ತೆರೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಲಿಪ್ಟನ್ನರು ತೀರಿಕೊಂಡರು. ಗ್ಲಾಸ್ಗೋ ನಗರದಲ್ಲಿ ತಾಯಿತಂದೆಗಳ ಮಗ್ಗುಲಲ್ಲಿ ಅವರನ್ನು ಮಣ್ಣುಮಾಡಿದರು.