ಮೊದ್ಲು ಯಾವ ಲೆನ್ಸು?

ವೈಟ್‌ಫೀಲ್ಡಿನ ನಮ್ಮನೇಲಿ ಈಗ ಇದೇ ಮಾತು. ಮಗಳಿಗೆ ಪಕ್ಕದ ಹೊಸಕೋಟೆ ಕೆರೆ ಹಕ್ಕೀನೂ ಬೇಕು, ಹೂವೂ ಬೇಕು, ಅಜ್ಜಿ ಮುಖಾನೂ ಬೇಕು. ದುಡ್ಡಿರೋದು ಒಂದೇ ಲೆನ್ಸಿಗೆ.

1970ರ ದಶಕದಲ್ಲಿ ನಮ್ಮಪ್ಪನಿಗೆ ಈ ತಲೆನೋವಿರ್ಲಿಲ್ಲ. ಅವರ ಹತ್ರ ಇದ್ದಿದ್ದು ಆಗ್ಫಾ ಕ್ಲಿಕ್-3. ಲೆನ್ಸು ಬಿಚ್ಚಂಗಿಲ್ಲ, ಫೋಕಸ್ ತಿರುಗ್ಸಂಗಿಲ್ಲ, ಒಂದು ರೀಲಿಗೆ 12 ಫೋಟೊ. ಹತ್ರ ಹೋದ್ರೆ ಮಂಜು. ಅದಕ್ಕೇ ಹಳೇ ಆಲ್ಬಮ್ಮಲ್ಲಿ ಎಲ್ರೂ ದೂರ ನಿಂತವ್ರೆ. ಅವ್ವಂದು ಹತ್ರದ ಫೋಟೊ ಇರೋದೊಂದೇ, ಅದ್ರಲ್ಲೂ ಮುಖ ಕಾಣಲ್ಲ.

ಮೂಡಿಗೆರೆಯ ತೇಜಸ್ವಿ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಹಕ್ಕಿ ಹಿಂದೆ ವರ್ಷಗಟ್ಟಲೆ ಬಿದ್ದವರು. ಅದಕ್ಕೆ ಉದ್ದನೆ ಲೆನ್ಸು, ತಾಳ್ಮೆ ಎರಡೂ ಬೇಕು.

ಮಗಳಿಗೆ ಹೇಳ್ದೆ: ಮೊದ್ಲು 50 ಎಂಎಂ, ಎಫ್ 1.8 ತಗೊ. ಅಗ್ಗ, ಮನೆಯೊಳಗಿನ ಮಬ್ಬಲ್ಲೂ ಮುಖ ಬರ್ತದೆ. ರಿವರ್ಸ್ ರಿಂಗ್ ಹಾಕಿ ತಿರುಗಿಸಿದ್ರೆ ಹೂವೂ ಆಯ್ತು. ಹಕ್ಕಿ ಮುಂದಿನ ಚಳಿಗಾಲಕ್ಕೂ ಬರ್ತವೆ, ಅಜ್ಜಿಗೀಗ 84.