ಕಂದಾಯದಿಂದ ಮತಕ್ಕೆ: ವರವು ಕಾವಲ್ ಸೀಮೆಯ ಮೊದಲ ಚುನಾವಣೆಗಳು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ವರವು ಕಾವಲ್‌ನಲ್ಲಿ ಈಗ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರವಿದೆ. ಹಿಂದೆ ಇದು ಅಮೃತಮಹಲ್ ರಾಸುಗಳ ಹುಲ್ಲುಗಾವಲು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಚುನಾವಣಾ ಚರಿತ್ರೆಗೂ ಇಂಥ ಕಾವಲುಗಳಿಗೂ ನಂಟಿದೆ ಎಂಬುದು ಈ ಲೇಖನದ ವಾದ.

1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿಸಿದಾಗ 144 ಮಂದಿ ಬಂದಿದ್ದರು. ಅವರು ಮತದಿಂದ ಗೆದ್ದವರಲ್ಲ. ಅನುಕೂಲಸ್ಥ ರೈತರು, ವರ್ತಕರಲ್ಲಿ ಆಯ್ದು ಕಳಿಸಲ್ಪಟ್ಟವರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಲ್ಲಿ, ಚುನಾವಣೆ ಬಂತು. ಆದರೆ ಮತದ ಹಕ್ಕಿಗೆ ಮುಖ್ಯ ಅಳತೆ ಕಂದಾಯ. ನಿಗದಿಯಾದಷ್ಟು ಕಂದಾಯ ಕಟ್ಟುವವನಿಗೆ ಮತ, ಕಟ್ಟದವನಿಗೆ ಇಲ್ಲ.

ಈ ಅಳತೆ ಎಲ್ಲ ಸೀಮೆಗೂ ಒಂದೇ ಬಗೆಯ ಫಲ ಕೊಡಲಾರದು. ನೀರಾವರಿ ಗದ್ದೆಗೆ ಬೀಳುವ ಕಂದಾಯಕ್ಕೆ ಹೋಲಿಸಿದರೆ ಮಳೆಯನ್ನೇ ನಂಬಿದ ಹೊಲದ ಕಂದಾಯ ಬಹಳ ಕಡಿಮೆ. ಹಾಗಾಗಿ ಬಯಲುಸೀಮೆಯ ರೈತ ಮತದಾರನಾಗಲು ಗದ್ದೆಯವನಿಗಿಂತ ಎಷ್ಟೋ ಪಾಲು ಹೆಚ್ಚು ನೆಲದ ಒಡೆಯನಾಗಿರಬೇಕಿತ್ತು. ಕಾವಲಂತೂ ಸರ್ಕಾರದ್ದು. ದನ, ಕುರಿ ಮೇಯಿಸಿ ಬದುಕುವ ಗೊಲ್ಲರು, ಕುರುಬರು, ಮ್ಯಾಸನಾಯಕರಲ್ಲಿ ತಮ್ಮ ಹೆಸರಿಗೆ ಸಾಕಷ್ಟು ಹೊಲವಿಲ್ಲದವರನ್ನು ಆ ನಿಯಮ ಎಣಿಸಲೇ ಇಲ್ಲ. ಮ್ಯಾಸನಾಯಕರ ದೇವರ ಎತ್ತುಗಳನ್ನು ಕಾಯುವ ಕಿಲಾರಿಯನ್ನೇ ನೋಡಿ. ಇಡೀ ಕುಲ ಗೌರವಿಸುವ ಆತನ ಸೇವೆಗೆ ಕಂದಾಯದ ಲೆಕ್ಕದಲ್ಲಿ ಬೆಲೆಯಿರಲಿಲ್ಲ. ಈ ಅನ್ಯಾಯವನ್ನು ಮೈಸೂರು ಪ್ರಾತಿನಿಧಿಕ ಆಡಳಿತದ ಹೊಗಳಿಕೆಯ ನಡುವೆ ಮರೆಯಬಾರದು. 1923ರ ಸುಧಾರಣೆ ಅರ್ಹತೆಯನ್ನು ಸಡಿಲಿಸಿತು, ಹೆಂಗಸರಿಗೂ ದಾರಿ ತೆರೆಯಿತು. ಆಸ್ತಿಯ ಷರತ್ತು ಮಾತ್ರ ಉಳಿಯಿತು.

1951–52ರ ಮಹಾಚುನಾವಣೆ ಅದನ್ನು ಒಂದೇ ಏಟಿಗೆ ತೆಗೆದುಹಾಕಿತು. 21 ವರ್ಷ ತುಂಬಿದವರಿಗೆಲ್ಲ ಮತ. ಆಗ ಮತಚೀಟಿಗೆ ಗುರುತು ಒತ್ತುವ ಪದ್ಧತಿಯಿರಲಿಲ್ಲ. ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ. ಮತದಾರ ಮರೆಯೊಳಗೆ ಹೋಗಿ ತನಗೆ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರುತ್ತಿದ್ದ. ಅಕ್ಷರ ಬಾರದವರಿಗೂ ಸಾಧ್ಯವಾಗಲೆಂದೇ ಈ ಏರ್ಪಾಡು. ಕಾಂಗ್ರೆಸ್ಸಿನ ಚಿಹ್ನೆ ನೊಗ ಹೊತ್ತ ಜೋಡೆತ್ತು. ಎತ್ತಿನ ನಾಡಿನಲ್ಲಿ ಅದರ ಗುರುತು ಯಾರೂ ಹೇಳಿಕೊಡಬೇಕಿರಲಿಲ್ಲ. ಚಿತ್ರದುರ್ಗದಿಂದ ಲೋಕಸಭೆಗೆ ಕಾಂಗ್ರೆಸ್ಸಿನ ಎಸ್. ನಿಜಲಿಂಗಪ್ಪ ಆರಿಸಿ ಬಂದರು. 1939ರ ತುರುವನೂರಿನ ಈಚಲು ಮರ ಕಡಿಯುವ ಸತ್ಯಾಗ್ರಹದ ಕಾಲದಿಂದ ಜಿಲ್ಲೆ ಅವರನ್ನು ಅರಿತಿತ್ತು.

ಹೊಸ ಮತದಾರರು ಜೋಡೆತ್ತಿನ ಹಿಂದೆ ಕಣ್ಮುಚ್ಚಿ ನಡೆದರೆಂದು ತಿಳಿಯುವುದು ತಪ್ಪು. 1957ರಲ್ಲಿ ಮುಖ್ಯಮಂತ್ರಿ ನಿಜಲಿಂಗಪ್ಪ ಮೊಳಕಾಲ್ಮೂರಿನಿಂದ ವಿಧಾನಸಭೆಗೆ ಗೆದ್ದರು. ಅದೇ ಚುನಾವಣೆಯಲ್ಲಿ ಚಿತ್ರದುರ್ಗ ಲೋಕಸಭಾ ಸ್ಥಾನ ಪ್ರಜಾ ಸಮಾಜವಾದಿ ಪಕ್ಷದ ಜಗಳೂರು ಮಹಮ್ಮದ್ ಇಮಾಂ ಅವರ ಪಾಲಾಯಿತು. ಒಂದೇ ಜಿಲ್ಲೆ ರಾಜ್ಯಕ್ಕೊಬ್ಬರನ್ನು, ದೆಹಲಿಗೆ ಮತ್ತೊಂದು ಪಕ್ಷದವರನ್ನು ಕಳಿಸಿತು. 1962ರಲ್ಲಿ ಹೊಸದುರ್ಗದಲ್ಲಿ ನಿಂತ ನಿಜಲಿಂಗಪ್ಪನವರೇ ಸೋತರು. 1967ರಲ್ಲಿ ಇಮಾಂ ಮತ್ತೆ ಲೋಕಸಭೆಗೆ ಹೋದರು, ಈ ಬಾರಿ ಸ್ವತಂತ್ರ ಪಕ್ಷದಿಂದ.