ನೆತ್ತ, ಚದುರಂಗ, ಹುಲಿ-ಕುರಿ: ಬರೆಹಕ್ಕೆ ಬಾರದ ಆಟಗಳ ಚರಿತ್ರೆ

ಮಲಪ್ರಭೆಯ ದಂಡೆಯ ಮನೋಳಿ, ಅಂದರೆ ಇಂದಿನ ಮುನವಳ್ಳಿ, ಶಾಸನಾಭ್ಯಾಸಿಗಳಿಗೆ ಪರಿಚಿತವಾದ ಊರು. ಇಲ್ಲಿಯ ಪಂಚಲಿಂಗೇಶ್ವರ ದೇವಾಲಯ, ಸೇವುಣರ ಕಾಲದ ಶಾಸನಗಳು, ನೆರೆಯ ಸವದತ್ತಿಯಲ್ಲಿ ರಟ್ಟ ಶಾಂತಿವರ್ಮನು ಕ್ರಿ.ಶ. 980ರಲ್ಲಿ ಬಸದಿಗೆ ಭೂಮಿಯಿತ್ತುದನ್ನು ತಿಳಿಸುವ ಶಾಸನ ಇವುಗಳಿಂದ ಈ ಸೀಮೆಯ ಅರಸರೂ ಆಚಾರ್ಯರೂ ನಮಗೆ ಪರಿಚಿತರಾಗಿದ್ದಾರೆ. 19ನೆಯ ಶತಮಾನದಲ್ಲಿ ಜೆ. ಎಫ್. ಫ್ಲೀಟ್ ರಟ್ಟರ ಶಾಸನಗಳನ್ನು ಪ್ರಕಟಿಸಿದಂದಿನಿಂದ ಈ ಕೆಲಸ ಸಾಗಿಬಂದಿದೆ. ಆದರೆ ದೇಗುಲದ ಜಗಲಿಯ ಮೇಲೆ ಕುಳಿತ ಸಾಮಾನ್ಯರು ಹೊತ್ತು ಕಳೆದುದು ಹೇಗೆಂಬ ಪ್ರಶ್ನೆಗೆ ದಾನಶಾಸನದ ಪಾಠ ಉತ್ತರಿಸುವುದಿಲ್ಲ.

ಕಾವ್ಯದಲ್ಲಿ ಆಟವೆಂದರೆ ಬಹುಮಟ್ಟಿಗೆ ನೆತ್ತವೇ. ಪಂಪನ ವಿಕ್ರಮಾರ್ಜುನವಿಜಯದಿಂದ (941) ಕುಮಾರವ್ಯಾಸನ ಭಾರತದವರೆಗೆ ದ್ಯೂತಪ್ರಸಂಗದಿಂದಲೇ ಕಥೆ ತಿರುವು ಪಡೆಯುತ್ತದೆ. ಜೈನ ಶ್ರಾವಕಾಚಾರ ಗ್ರಂಥಗಳು ಹೇಳುವ ಸಪ್ತವ್ಯಸನಗಳಲ್ಲಿಯೂ ದ್ಯೂತಕ್ಕೇ ಮೊದಲ ಸ್ಥಾನ. ಅಲ್ಲಿ ಪಣವಿದೆ, ದೈವದ ಕೈವಾಡವಿದೆ, ಪತನವಿದೆ. ಕವಿಗೂ ಧರ್ಮಬೋಧಕನಿಗೂ ಅದು ಒದಗಿಬರುವ ವಸ್ತು. ದಾಳವಿಲ್ಲದೆ ಇಬ್ಬರು ಎದುರುಬದುರು ಕುಳಿತು ಬುದ್ಧಿಬಲದಿಂದ ಗೆಲ್ಲುವ ಆಟಕ್ಕೆ ಅಂತಹ ನಾಟಕೀಯತೆ ಇಲ್ಲ. ಅದು ಸಾಹಿತ್ಯದ ಕಣ್ಣಿಗೆ ಬೀಳದೆ ಉಳಿದುದಕ್ಕೆ ಇದೇ ಮುಖ್ಯ ಕಾರಣವೆಂದು ನನ್ನ ಎಣಿಕೆ.

ಅರಮನೆಯ ಆಟಕ್ಕೆ ಮಾತ್ರ ಬರೆಹದ ಭಾಗ್ಯ ದೊರೆಯಿತು. ರಟ್ಟರ ಸಾರ್ವಭೌಮರಾಗಿದ್ದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ಮಾನಸೋಲ್ಲಾಸವು (ಸು. 1129) ತನ್ನ ಕ್ರೀಡಾ ಭಾಗದಲ್ಲಿ ಪಗಡೆಯ ಜೊತೆಗೆ ಚತುರಂಗವನ್ನೂ ವಿವರಿಸುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆಯು 64 ಮನೆಗಳನ್ನೂ ಒಂದೊಂದೇ ಬಾರಿ ಮುಟ್ಟಿ ಬರುವ ಬಂಧಗಳನ್ನು ರಚಿಸಿದರು. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಆಟಗಳಿಗೇ ಎಡೆಯಿದೆ.

ಹುಲಿ-ಕುರಿ ಆಟಕ್ಕೆ ಇಂತಹ ಆಶ್ರಯ ಸಿಗಲಿಲ್ಲ. ಅದರ ಪ್ರಸಿದ್ಧ ರೂಪವೊಂದರಲ್ಲಿ 23 ಕೂಡುತಾಣಗಳು, 3 ಹುಲಿ, 15 ಕುರಿ. ಕುರಿಗಳನ್ನು ಒಂದೊಂದಾಗಿ ಇಳಿಸಬೇಕು. ಆಚೆಯ ತಾಣ ಬರಿದಾಗಿದ್ದರೆ ಹುಲಿಯು ಕುರಿಯನ್ನು ಹಾರಿ ಕೊಲ್ಲುತ್ತದೆ. ಎಲ್ಲ ಹುಲಿಗಳನ್ನೂ ಅಲುಗದಂತೆ ಕಟ್ಟಿದರೆ ಕುರಿಗಳಿಗೆ ಗೆಲುವು. ಎರಡು ಪಕ್ಷಗಳ ಬಲವೂ ಗುರಿಯೂ ಬೇರೆ ಬೇರೆ. ಚದುರಂಗದ ಸಮಬಲದ ಸೇನೆಗಳಿಗಿಂತ ಭಿನ್ನವಾದ ಈ ಯುದ್ಧಕಲ್ಪನೆಯಲ್ಲಿ ದುರ್ಬಲರ ಒಗ್ಗಟ್ಟೇ ಆಯುಧ. ಚದುರಂಗಕ್ಕೆ ನಡೆಗಳನ್ನು ಬರೆದಿಡುವ ಪದ್ಧತಿ ಬೆಳೆದು ಪಂದ್ಯಗಳ ಚರಿತ್ರೆ ಸಾಧ್ಯವಾಯಿತು. ಹುಲಿ-ಕುರಿಯ ನಿಪುಣರ ನಡೆಗಳು ಅವರೊಡನೆಯೇ ಹೋದವು.

ಉಳಿದುದು ಕಲ್ಲಿನ ಗೆರೆ. ಹಂಪಿಯ ಬಂಡೆಗಳಲ್ಲೂ ಮಂಟಪಗಳ ನೆಲದಲ್ಲೂ ಆಟದ ಮನೆಗಳು ಇಂದಿಗೂ ಕಾಣಸಿಗುತ್ತವೆ. ಆದರೆ ಕಟ್ಟಡದ ಕಾಲವನ್ನೇ ಗೆರೆಯ ಕಾಲವೆಂದು ತಿಳಿಯುವುದು ತಪ್ಪು. 13ನೆಯ ಶತಮಾನದ ಚಪ್ಪಡಿಯ ಮೇಲೆ ನಿನ್ನೆಯ ದನಗಾಹಿಯೂ ಗೆರೆ ಕೊರೆದಿರಬಹುದು. ಗೆರೆಯು ಕಂಬದ ಅಡಿಗೆ ಹೋಗಿದ್ದರೆ ಕಂಬ ನಿಲ್ಲುವ ಮೊದಲೇ ಅದನ್ನು ಕೊರೆದಿರಬೇಕು. ಗೋಡೆಯಲ್ಲಿ ನೆಟ್ಟಗೆ ನಿಂತ ಕಲ್ಲಿನಲ್ಲಿ ಮನೆಗಳಿದ್ದರೆ ಆ ಕಲ್ಲು ಹಿಂದೆ ಎಲ್ಲೋ ನೆಲವಾಗಿದ್ದಿತೆಂದು ಊಹಿಸಬಹುದು. ಸವೆತ, ಗೆರೆಯ ಆಳ, ಉಳಿಯ ಗುರುತು ಇವೂ ಪ್ರಮಾಣಗಳೇ.

ಈ ಸಾಕ್ಷ್ಯ ಬಹುಬೇಗ ಅಳಿಯಬಲ್ಲದು. ಜೀರ್ಣೋದ್ಧಾರದಲ್ಲಿ ಅಕ್ಷರವಿರುವ ಕಲ್ಲನ್ನು ಯಾರಾದರೂ ಎತ್ತಿಡುತ್ತಾರೆ. ಗೆರೆಯಿರುವ ಚಪ್ಪಡಿಯ ಮೇಲೆ ಟೈಲ್ಸ್ ಹಾಸಿದರೆ ಕೇಳುವವರಿಲ್ಲ. ಆದುದರಿಂದ ಮನೋಳಿ, ಸವದತ್ತಿ, ಬೈಲಹೊಂಗಲಗಳ ದೇಗುಲ-ಬಸದಿಗಳಿಗೆ ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ: ಶಾಸನದ ಪಡಿಯಚ್ಚು ತೆಗೆದ ಮೇಲೆ ಒಮ್ಮೆ ನೆಲವನ್ನೂ ನೋಡಿರಿ. ಮನೆಗಳನ್ನು ಎಣಿಸಿ, ಅಳತೆ ತೆಗೆದು, ಛಾಯಾಚಿತ್ರದೊಡನೆ ಅವು ಇರುವ ಸ್ಥಾನವನ್ನು ಗುರುತಿಸಿರಿ. ಊರ ಹಿರಿಯರು ಆ ಆಟಕ್ಕೆ ಯಾವ ಹೆಸರು ಹೇಳುತ್ತಾರೋ ಅದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿರಿ. ಕವಿಗಳು ಬರೆಯದೆ ಬಿಟ್ಟ ಅಧ್ಯಾಯಕ್ಕೆ ಅದೇ ಆಕರ.